ಕುಂಕುಮ ಹಚ್ಚಿಸಿಕೊಂಡ ಹತ್ತು ಮಾತ್ರೆ

ನಮ್ಮಮ್ಮನ ಬೀರು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ನುಸಿಗುಳಿಗೆಯ ವಾಸನೆ. ಕಳೆದ ವಾರ ಮದುವೆಯೊಂದಕ್ಕೆ ಹೊರಟಿದ್ದ ಅಮ್ಮನಿಗಾಗಿ ಅದರ ಕೆಳಗಿನ ಅರೆಯಲ್ಲಿ ಹಸಿರು ಸೀರೆ ಹುಡುಕುತ್ತಿದ್ದೆ. ಅವಳು ಅಡುಗೆಮನೆಯಿಂದಲೇ ದಾರಿ ಹೇಳುತ್ತಿದ್ದಳು. ಸೀರೆ ಸಿಕ್ಕಿತು. ಅದರ ಮಡಿಕೆಯೊಳಗಿಂದ ಒಂದು ಕಾಗದದ ಕವರು ಜಾರಿ ನನ್ನ ಕಾಲ ಮೇಲೆ ಬಿತ್ತು. ಕವರಿನ ಮೇಲಿನ ಫೋಟೋದಲ್ಲಿ ಎಲೆಕ್ಷನ್ನಿಗೆ ನಿಲ್ಲುವ ನಮ್ಮೂರಿನ ಸಾವ್ಕಾರ್ರು ಕೈಮುಗಿದು ನಗುತ್ತಿದ್ದರು. ಒಳಗೆ ಒಂದು ಸ್ಟ್ರಿಪ್ಪು. ಹತ್ತು ಮಾತ್ರೆ. ಒಂದನ್ನೂ ಒಡೆದಿರಲಿಲ್ಲ. ಸ್ಟ್ರಿಪ್ಪಿನ ಬೆನ್ನಿಗೆ ಒಣಗಿ ಕಪ್ಪಾದ ಕುಂಕುಮದ ಬೊಟ್ಟು.

ಮಾತ್ರೆಯ ಹೆಸರು ಓದುವ ಅಗತ್ಯವೇ ಇರಲಿಲ್ಲ. ಕೊರೊನಾದ ಮೊದಲ ಬೇಸಿಗೆಯಲ್ಲಿ ಇದೇ ಮಾತ್ರೆ ಹುಡುಕಿಕೊಂಡು ನಾನು ನಾಲ್ಕು ಊರು ಸುತ್ತಿದ್ದೆ. ನಮ್ಮ ಬೀದಿಯ ಮನೆಮನೆಗೂ ಹೋಗಿ ಕೇಳಿದ್ದೆ. ಕೊನೆಗೆ ಅಮ್ಮನನ್ನೂ ಕೇಳಿದ್ದೆ. “ನಮ್ಮನೆಗೆ ಕೊಡ್ಲೇ ಇಲ್ಲ ಕಣೋ, ನಮ್ಮನೆ ಬಿಟ್ಟು ಮುಂದೆ ಹೋದ್ರು” ಅಂದಿದ್ದಳು. ನಾನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ನಮ್ಮ ಮನೆ ಯಾಕೆ ಬಿಟ್ಟರು ಎಂದು ಬೀದಿಯಲ್ಲಿ ನಿಂತು ಸಾವ್ಕಾರ್ರ ಹುಡುಗರ ಮೇಲೆ ಜಗಳಕ್ಕೂ ಹೋಗಿದ್ದೆ. ಅವರು ನನ್ನ ಮುಖವನ್ನು ವಿಚಿತ್ರವಾಗಿ ನೋಡಿ ಸುಮ್ಮನಾಗಿದ್ದರು. ಯಾಕೆಂದು ಈಗ ಗೊತ್ತಾಯಿತು.

ಮಾತ್ರೆ ಬೇಕಾಗಿದ್ದದ್ದು ನಮ್ಮ ಬಯಾಲಜಿ ಮೇಡಂಗೆ.

ನಾನು ಹೊನ್ನಾಳಿಯಲ್ಲಿ ಪಿಯುಸಿ ಓದುವಾಗ ಅವರು ಅತಿಥಿ ಉಪನ್ಯಾಸಕಿಯಾಗಿ ಬಂದರು. ಕತ್ತಲಗೆರೆ ಕಡೆಯವರು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮಾಗಿಯ ಚಳಿಯಲ್ಲೂ ಕಪ್ಪು ಕೊಡೆ ಹಿಡಿದು, ತುಂಬುತೋಳಿನ ರವಿಕೆ ತೊಟ್ಟು, ಕೈಗೆ ಗವಸು ಹಾಕಿಕೊಂಡು ಬರುತ್ತಿದ್ದರು. ಎರಡೂ ಕೆನ್ನೆ, ನಡುವೆ ಮೂಗು, ಎಲ್ಲ ಸೇರಿ ಒಂದು ಕೆಂಪು ಮಚ್ಚೆ. ಮೇಡಂ ಲಿಪ್‌ಸ್ಟಿಕ್ಕನ್ನ ಕೆನ್ನೆಗೂ ಹಚ್ಕೋತಾರೆ ಎಂದು ಮೊದಲು ಹೇಳಿದವನು ನಾನೇ. ‘ಕೊಡೆ ಮೇಡಂ’ ಎಂದು ಹೆಸರಿಟ್ಟವನೂ ನಾನೇ. ನನಗೆ ಬರುವ ವಿದ್ಯೆ ಅದೊಂದೇ... ಬೇರೆಯವರ ನಡಿಗೆ, ದನಿ, ಕೆಮ್ಮು ಕದಿಯುವುದು. ಸ್ವಂತದ್ದು ಅಂತ ನನ್ನಲ್ಲಿ ಏನೂ ಇಲ್ಲದ್ದರಿಂದ ಈ ವಿದ್ಯೆ ಬಂತು ಎಂದು ನಮ್ಮ ಪಿ.ಟಿ. ಮೇಷ್ಟ್ರು ಹೇಳುತ್ತಿದ್ದರು. ಆ ಮಾತನ್ನೂ ಅವರದೇ ದನಿಯಲ್ಲಿ ಹೇಳಿ ತೋರಿಸುತ್ತಿದ್ದೆ.

ಒಂದು ದಿನ ಮೇಡಂ ಬರುವ ಮುಂಚೆ ಕ್ಲಾಸಿನ ಮುಂದೆ ನಿಂತು ಅವರನ್ನೇ ಮಾಡುತ್ತಿದ್ದೆ. ಯಾರದೋ ಸ್ಕೇಲನ್ನು ಕೊಡೆಯಂತೆ ಹಿಡಿದು, ಒಂದು ಕಾಲು ಎಳೆಯುತ್ತ, ಚಾಕ್‌ಪೀಸು ಹಿಡಿಯಲಾಗದೆ ಬೆರಳು ಸೆಟೆಸಿಕೊಂಡು... ಹುಡುಗರು ಬೆಂಚಿನ ಮೇಲೆ ಬಿದ್ದು ನಗುತ್ತಿದ್ದರು. ನಗು ಒಮ್ಮೆಲೇ ನಿಂತಿತು. ತಿರುಗಿ ನೋಡಿದರೆ ಮೇಡಂ ಬಾಗಿಲಲ್ಲಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೊಡೆ ಮಡಚಿ ಗೋಡೆಗೆ ಒರಗಿಸಿ ಹೇಳಿದರು, “ನಾನು ಎಳಿಯೋದು ಎಡಗಾಲಲ್ಲ, ಬಲಗಾಲು. ಮಾಡಿದ್ರೆ ಸರಿಯಾಗಿ ನೋಡ್ಕಂಡು ಮಾಡಪ್ಪ.”

ಹೊಡೆದಿದ್ದರೆ ಎಷ್ಟೋ ವಾಸಿ ಇತ್ತು.

ಮಾರನೆಯ ದಿನ ಅವರು ಸಂತೆಯಿಂದ ಒಂದು ಡಜನ್ ಬಟ್ಟೆ ಕ್ಲಿಪ್ಪು ತಂದರು, ತಂತಿಯ ಮೇಲಿನ ಬಟ್ಟೆ ಹಾರದಂತೆ ಸಿಕ್ಕಿಸುವ ನೀಲಿ ಪ್ಲಾಸ್ಟಿಕ್ಕಿನವು. ಮುಂದಿನ ಬೆಂಚಿನ ನಾಲ್ವರ ಬಯಾಲಜಿ ಪುಸ್ತಕ ಇಸಿದುಕೊಂಡು ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾಲ್ಕೂ ಒಂದೇ ಪುಸ್ತಕ, ಒಂದೇ ಅಚ್ಚು. ಒಂದರಲ್ಲಿ ಮೊದಲ ಪಾಠಗಳನ್ನು ಮುಚ್ಚಿ ಕ್ಲಿಪ್ಪು ಹಾಕಿದರು, ಇನ್ನೊಂದರಲ್ಲಿ ಕೊನೆಯ ಪಾಠಗಳಿಗೆ. ಈಗ ಓದಿ ಎಂದರು. ಒಬ್ಬನಿಗೆ ಬೇರು ಕಾಂಡ ಮಾತ್ರ ಓದಲು ಸಿಕ್ಕಿತು, ಇನ್ನೊಬ್ಬನಿಗೆ ಹೃದಯ. ಎಲುಬಿನ ಮಜ್ಜೆಯಲ್ಲಿರುವ ತಾಯಿಕೋಶದ ಮಕ್ಕಳೂ ಹೀಗೇ ಎಂದರು. ಎಲ್ಲ ಮಕ್ಕಳಿಗೂ ಕೊಡುವುದು ಒಂದೇ ಪುಸ್ತಕ. ಯಾವ ಪುಟಕ್ಕೆ ಕ್ಲಿಪ್ಪು ಬಿತ್ತು, ಯಾವುದು ತೆರೆದುಕೊಂಡಿತು ಎಂಬುದರ ಮೇಲೆ ಒಂದು ಟಿ ಸೆಲ್ ಆಗುತ್ತದೆ, ಒಂದು ಬಿ ಸೆಲ್ ಆಗುತ್ತದೆ, ಮತ್ತೊಂದು ಸಿಕ್ಕಿದ್ದನ್ನೆಲ್ಲ ನುಂಗುವ ಹೊಟ್ಟೆಬಾಕ ಕೋಶವಾಗುತ್ತದೆ. ಪುಸ್ತಕದಲ್ಲಿ ಒಂದೆರಡು ಸಾಲು ಬಿಟ್ಟರೆ ಏನೂ ತಿದ್ದುಪಡಿಯಾಗಿರುವುದಿಲ್ಲ. ಮುಖ್ಯವಾಗಿ ಬದಲಾಗುವುದು ಕ್ಲಿಪ್ಪು.

ಮೈಗೆ ಕಾವಲಿರುವ ಈ ಟಿ ಸೆಲ್ಲುಗಳು ಎದೆಯಲ್ಲಿರುವ ಥೈಮಸ್ ಎಂಬ ಶಾಲೆಗೆ ಹೋಗುತ್ತವಂತೆ. ಮನೆಯವರು ಯಾರು, ಕಳ್ಳರು ಯಾರು ಎಂದು ಅಲ್ಲಿ ಪರೀಕ್ಷೆ. ಮನೆಯವರಿಗೇ ಹೊಡೆಯಲು ಹೋದವನನ್ನು ಅಲ್ಲೇ ಮುಗಿಸಿಬಿಡುತ್ತಾರೆ.

“ಸಪ್ಲಿಮೆಂಟರಿ ಇಲ್ವಾ ಮೇಡಂ?” ಎಂದೆ ನಾನು.

“ಇಲ್ಲಪ್ಪ. ನಿಂಗೈತೆ. ಅದಕ್ಕೇ ಇನ್ನೂ ಬದುಕಿದ್ದೀಯ.”

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆಮೇಲೆ ಅವರು ಪರ್ಸಿನಿಂದ ಒಂದು ಹಳೆಯ ಫೋಟೋ ತೆಗೆದು ಕೊಟ್ಟರು. ಒಂದೇ ಥರದ ಫ್ರಾಕು ತೊಟ್ಟ ಇಬ್ಬರು ಹುಡುಗಿಯರು. ಇದರಲ್ಲಿ ನಾನು ಯಾರು ಹೇಳಿ ಎಂದರು. ಒಬ್ಬರಿಗೂ ಹೇಳಲಾಗಲಿಲ್ಲ. ಅವಳಿಜವಳಿ, ತಂಗಿ ಏಳು ನಿಮಿಷ ಚಿಕ್ಕವರು, ಇಬ್ಬರದೂ ಅಕ್ಷರಕ್ಷರ ಒಂದೇ ಪುಸ್ತಕ. ಹುಟ್ಟುವಾಗ ಕ್ಲಿಪ್ಪುಗಳೂ ಹೆಚ್ಚುಕಡಿಮೆ ಒಂದೇ ಕಡೆ ಇದ್ದಿರಬಹುದು. ಬೆಳೆಯುತ್ತ ಬೆಳೆಯುತ್ತ ಮೇಡಂ ಅವರ ಟಿ ಸೆಲ್ಲುಗಳಲ್ಲಿ, ಮುಚ್ಚಿರಬೇಕಾದ ಕೆಲವು ಪುಟಗಳ ಕ್ಲಿಪ್ಪು ಉದುರಿದವು. ಯಾಕೆಂದು ಪೂರ್ತಿ ಯಾರಿಗೂ ಗೊತ್ತಿಲ್ಲವಂತೆ. ಬಿಸಿಲು ಬಿದ್ದರೆ ಹೆಚ್ಚಾಗುತ್ತದೆ, ಅದಕ್ಕೇ ಕೊಡೆ. ಕಾವಲಿಗಿದ್ದವನು ಮನೆಯವರನ್ನೇ ಬಡಿಯುತ್ತಾನೆ, ಅದಕ್ಕೇ ಕಾಲು, ಬೆರಳು, ಕೆನ್ನೆ. ರೋಗದ ಹೆಸರು ಲೂಪಸ್. ಅಂಟುವುದಿಲ್ಲ.

ದಿನಾ ಒಂದು ಮಾತ್ರೆ ನುಂಗುತ್ತಿದ್ದರು. ಮಲೇರಿಯಾಕ್ಕೆ ಕೊಡುತ್ತಿದ್ದ ಹಳೆಯ ಮಾತ್ರೆ. ಇದು ಕ್ಲಿಪ್ಪು ಹಾಕಲ್ಲ, ಕಾವಲುಗಾರನ ಕೈಯಿಂದ ದೊಣ್ಣೆ ಇಸ್ಕಂಡು ಇಟ್ಟಿರುತ್ತೆ ಅಷ್ಟೇ, ಬಿಟ್ರೆ ಮತ್ತೆ ಎತ್ತುತಾನೆ ಎನ್ನುತ್ತಿದ್ದರು.

ನಾನು ಬಲಗಾಲು ಎಳೆಯುವುದನ್ನೂ ಬಿಟ್ಟೆ, ಎಡಗಾಲು ಎಳೆಯುವುದನ್ನೂ ಬಿಟ್ಟೆ. ಕೊಡೆ ಮೇಡಂ ಎಂಬ ಹೆಸರು ಮಾತ್ರ ನಾನು ಬಿಟ್ಟರೂ ಊರು ಬಿಡಲಿಲ್ಲ. ಊರು ಇನ್ನೂ ಏನೇನೋ ಸೇರಿಸಿತ್ತು. ಒಬ್ಬಳಿಗೆ ಬಂದ ಮೇಲೆ ಅವಳಿಗೂ ಬಂದೇ ಬರುತ್ತದೆ ಎಂದು ತಂಗಿಗೆ ಬಂದ ಎರಡು ಸಂಬಂಧ ತಪ್ಪಿದ್ದವಂತೆ. ಮೂರನೆಯದು ನ್ಯಾಮತಿಯಲ್ಲಿ ಕೂಡಿಬಂದಾಗ, ಮದುವೆಯ ದಿನ ಗಂಡಿನ ಕಡೆಯವರು ಊಟ ಮಾಡಿ ಹೊರಡುವವರೆಗೆ ಮೇಡಂ ಒಳಕೋಣೆಯ ಚಿಲಕ ಹಾಕಿಕೊಂಡು ಕೂತಿದ್ದರಂತೆ. ಸ್ವಂತ ತಂಗಿಯ ಧಾರೆ ನೋಡಲಿಲ್ಲ. ಇದನ್ನು ನನಗೆ ಹೇಳುವಾಗ ಅವರು ನಗುತ್ತಲೇ ಹೇಳಿದ್ದರು. “ನನ್ನ ಮುಖ ಹೆಂಗಿದ್ರೂ ಅಲ್ಲಿ ಇತ್ತಲ್ಲೋ, ಮಣೆ ಮೇಲೆ.”

ಆಮೇಲೆ ನಾನು ಡಿಗ್ರಿ ಸೇರಿದೆ. ಊರಿನ ಮದುವೆ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ ಮಾಡಿ ಅಷ್ಟಿಷ್ಟು ಹೆಸರಾಯಿತು. ಮೇಡಂ ಮನೆಗೆ ಆಗಾಗ ಹೋಗುತ್ತಿದ್ದೆ, ಹೊಸ ದನಿ ಕಲಿತರೆ ಮೊದಲು ಅವರಿಗೇ ಒಪ್ಪಿಸಲು. ಸಾವ್ಕಾರ್ರ ದನಿ ಅವರಿಗೆ ಬಹಳ ಇಷ್ಟ. ಮಾತಿಗೆ ಮುಂಚೆ ಗಂಟಲು ಕೆರೆಯುವುದು, ಪ್ರತಿ ವಾಕ್ಯಕ್ಕೂ “ನಮ್ಮ ಜನ, ನಮ್ಮ ಜನ” ಎನ್ನುವುದು...

ಕೊರೊನಾ ಬಂತು. ಟಿವಿಯವರು ಆ ಹಳೆಯ ಮಲೇರಿಯಾ ಮಾತ್ರೆಯ ಹೆಸರು ಹಿಡಿದುಕೊಂಡು ಕಿರುಚತೊಡಗಿದರು. ನುಂಗಿದರೆ ಕೊರೊನಾ ಹತ್ತಿರ ಸುಳಿಯುವುದಿಲ್ಲವಂತೆ. ಹದಿನೈದು ದಿನದಲ್ಲಿ ಅಂಗಡಿಗಳು ಖಾಲಿಯಾದವು. ಒಂದು ಮಧ್ಯಾಹ್ನ ಮೇಡಂ ಫೋನ್ ಮಾಡಿದರು. ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ಅದಕ್ಕೇ ಮಾತು ಸುತ್ತಿ ಬಳಸಿ ಬಂತು. “ನಿಂಗೆ ಗಾಡಿ ಐತಲ್ಲ? ಒಂಚೂರು ನೋಡಾಕೆ ಆಗುತ್ತಾ? ಇನ್ನ ಒಂಬತ್ತೇ ಅವೆ.”

ಅವರ ಆಸ್ಪತ್ರೆ ಚೀಟಿಯನ್ನೇ ಪಾಸು ಮಾಡಿಕೊಂಡು ಹೊರಟೆ. ಹೊನ್ನಾಳಿಯ ಮೆಡಿಕಲ್ ಶಾಪುಗಳಲ್ಲಿ ಇಲ್ಲ. ನ್ಯಾಮತಿಯಲ್ಲಿ ಅಂಗಡಿ ಮುಂದೆ ಹಗ್ಗ ಕಟ್ಟಿ ನಿಂತಿದ್ದವನು ನಾನು ಬಾಯಿ ತೆರೆಯುವ ಮೊದಲೇ ಇಲ್ಲ ಎಂದ. ಯಾರೋ ಹೇಳಿದರೆಂದು ಜಗಳೂರಿಗೆ ಹೋದೆ. ಬಿಸಿಲು, ಹೆಜ್ಜೆಹೆಜ್ಜೆಗೂ ಬ್ಯಾರಿಕೇಡು, ಲಾಠಿ ತೋರಿಸುವ ಪೊಲೀಸರು. ಅಲ್ಲೊಬ್ಬರು ಅಂಗಡಿಯವರು ಚೀಟಿಯನ್ನು ಎರಡು ಸಲ ಓದಿ ಒಳಗೆ ಹೋದರು. “ನಮ್ಮ ಮನೆಯಾಕಿಗೂ ಇದೇ ಮಾತ್ರೆ ರೀ, ಕೀಲುವಾತಕ್ಕೆ” ಎನ್ನುತ್ತ ಆಕೆಯ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಆರು ಮಾತ್ರೆ ಕೊಟ್ಟರು. ಆ ಬೇಸಿಗೆಯಲ್ಲಿ ಕೊಟ್ಟವರು ಅವರೊಬ್ಬರೇ. ಅವರ ಮನೆಗೆ ಅದು ನಿಜವಾಗಿಯೂ ಬೇಕಾಗಿತ್ತು.

ಉಳಿದದ್ದು ಚನ್ನಗಿರಿ. ಅಲ್ಲಿನ ಒಬ್ಬ ಹೋಲ್‌ಸೇಲಿನವನಿಂದಲೇ ಸುತ್ತಲಿನ ಅಂಗಡಿಗಳಿಗೆ ಔಷಧ ಬರುತ್ತಿತ್ತು. ಖುದ್ದಾಗಿ ಹೋದರೆ ಶಟರೇ ತೆಗೆಯಲಿಲ್ಲ. ವಾಪಸು ಬಂದು ಮೇಡಂ ಮನೆಯ ಮೆಟ್ಟಿಲ ಮೇಲೆ ಕೂತು ನನ್ನ ವಿದ್ಯೆ ಉಪಯೋಗಿಸಿದೆ. ಫೋನ್ ಸ್ಪೀಕರಿಗೆ ಹಾಕಿ, ಗಂಟಲು ಕೆರೆದು, ಸಾವ್ಕಾರ್ರಾದೆ. ನಮ್ಮ ಜನಕ್ಕೆ ಆ ಮಾತ್ರೆ ಹತ್ತು ಸ್ಟ್ರಿಪ್ಪು ಬೇಕಾಗೇತಲ್ಲಪ್ಪ, ನಮ್ಮ ಹುಡುಗ ಬರ್ತಾನೆ ಎಂದೆ. ಬಾಗಿಲಲ್ಲಿ ಕೂತಿದ್ದ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆದರು.

ಆ ಕಡೆಯವನು ಗಾಬರಿಯಾದ. “ಸಾವ್ಕಾರ್ರೇ, ಮೊನ್ನೆ ಇದ್ದಬದ್ದ ಬಾಕ್ಸೆಲ್ಲ ನಿಮ್ಮ ಗಾಡಿಗೇ ಏರ್ಸಿ ಕಳ್ಸಿದ್ನಲ್ರೀ. ಜನಕ್ಕೆ ಹಂಚೋ ಕಿಟ್ಟಿಗೆ ಸಾಲ್ಲಿಲ್ವಾ?”

ಸಾವ್ಕಾರ್ರ ದನಿಯಲ್ಲೇ “ಸಾಕಾತು, ಸಾಕಾತು” ಎಂದು ಫೋನಿಟ್ಟೆ. ಮೇಡಂ ಸೆರಗು ತೆಗೆದರು. ನಗು ಅಲ್ಲಿರಲಿಲ್ಲ. “ಎಷ್ಟು ಮನಿಗೆ ಹಂಚಿರಬೋದು?” ಎಂದಷ್ಟೇ ಕೇಳಿದರು.

ಓಟಿಲ್ಲದ ಬಾಡಿಗೆಯವರನ್ನು ಬಿಟ್ಟು, ನಮ್ಮೂರಲ್ಲೂ ನ್ಯಾಮತಿಯಲ್ಲೂ ಎಲ್ಲ ಮನೆಗೂ ಹಂಚಿದ್ದರು. ಒಂದು ಮಾಸ್ಕು, ಒಂದು ಸೋಪು, ಒಂದು ಸ್ಟ್ರಿಪ್ಪು, ಕವರಿನ ಮೇಲೆ ಕೈಮುಗಿದ ಫೋಟೋ. ಡಾಕ್ಟರು ಬರೆದುಕೊಡದ ಮಾತ್ರೆ, ಹೇಗೆ ನುಂಗಬೇಕೆಂದು ಹಂಚಿದವನಿಗೂ ಗೊತ್ತಿಲ್ಲದ ಮಾತ್ರೆ. ಹಾಗಾಗಿ ನಮ್ಮ ಜನ ಅದನ್ನು ನುಂಗಲೂ ಇಲ್ಲ. ಮನೆಗೆ ಹೊಸದು ಏನು ಬಂದರೂ ಮಾಡುವುದನ್ನೇ ಇದಕ್ಕೂ ಮಾಡಿದರು. ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟರು. ಇರಲಿ, ಯಾವತ್ತಾದರೂ ಬೇಕಾದೀತು ಎಂದು.

ನಾನು ಬೀದಿ ಬೀದಿ ಬೇಡಿದೆ. ಒಂದು ಮನೆಯವರು ಎಲ್ಲ ನುಂಗಿ ಖಾಲಿಯಾಯಿತು ಎಂದರು, ಅವರ ಬೆನ್ನ ಹಿಂದೆ ದೀಪದ ಪಕ್ಕ ಕವರು ಕಾಣುತ್ತಿತ್ತು. ಎದುರುಮನೆಯ ದೊಡ್ಡಮ್ಮ ಸುಳ್ಳು ಹೇಳಲಿಲ್ಲ. “ಐತಪ್ಪ. ಕೊಡಾಕೆ ಆಗಲ್ಲ. ನಾಳೆ ನಮ್ಮ ಹುಡ್ರಿಗೆ ಬಂದ್ರೆ ನಿಮ್ಮ ಕೊಡೆ ಮೇಡಂ ಬಂದು ನೋಡ್ತಾರಾ?” ನಾನಿಟ್ಟ ಹೆಸರನ್ನೇ ನನ್ನ ಮುಖಕ್ಕೆ ಬಿಸಾಕಿ ಬಾಗಿಲು ಹಾಕಿಕೊಂಡಳು. ಆಮೇಲೆ ಅಮ್ಮನನ್ನು ಕೇಳಿದೆ.

ಒಂಬತ್ತು ಮತ್ತು ಆರು. ದಿನ ಬಿಟ್ಟು ದಿನ ನುಂಗಿದರೂ ಹದಿನೈದು ಎಷ್ಟು ದಿನ ಬಂದಾವು... ಅಂಗಡಿಗಳಿಗೆ ಮಾತ್ರೆ ಮತ್ತೆ ಬರುವ ಹೊತ್ತಿಗೆ ಮೇಡಂ ಕಾಲು ಊದಿತ್ತು, ಮುಖ ಊದಿತ್ತು. ಕಾವಲುಗಾರ ದೊಣ್ಣೆ ಎತ್ತಿಕೊಂಡು ಕಿಡ್ನಿಗೆ ಹೋಗಿದ್ದ. ದಾವಣಗೆರೆಯ ಆಸ್ಪತ್ರೆಗಳು ಆಗ ಬೇರೆಯ ಗಲಾಟೆಯಲ್ಲಿದ್ದವು. ನಾನು ಕೊನೆಯ ಸಲ ನೋಡಿದಾಗ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಸಾವ್ಕಾರ್ರ ದನಿ ಮಾಡು ಎಂದರು. ಮಾಡಿದೆ. ನಗಲಿಕ್ಕೆ ಉಸಿರು ಸಾಲಲಿಲ್ಲ, ಕೈ ಮಾತ್ರ ಅಲ್ಲಾಡಿಸಿದರು, ಸಾಕು ಎನ್ನುವಂತೆ. ದಸರಾ ಹೊತ್ತಿಗೆ ಹೋದರು.

ಮಾತ್ರೆ ತಪ್ಪಿದ್ದಕ್ಕೇ ಹೋದರು ಎಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ. ಬರೆದುಕೊಡುವುದೂ ಇಲ್ಲ. ನನ್ನ ಹತ್ತಿರ ಪುರಾವೆ ಇಲ್ಲ, ಸಿಟ್ಟು ಇದೆ. ಆ ಸಿಟ್ಟಿನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಮುಂದಿನ ವರ್ಷ ಅದೇ ಸಾವ್ಕಾರ್ರ ಹುಟ್ಟುಹಬ್ಬಕ್ಕೆ ಕರೆದರು. ಹೋದೆ. ಅವರ ಎದುರೇ ಅವರ ದನಿ ಮಾಡಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು ನನಗೆ ಶಾಲು ಹೊದೆಸಿದರು. ನಾನು ಬಗ್ಗಿ ಹೊದೆಸಿಕೊಂಡೆ.

ಇಷ್ಟೂ ನೆನಪು ಕಳೆದ ವಾರ ಬೀರಿನ ಮುಂದೆ ಒಟ್ಟಿಗೆ ಬಂತು. ಸ್ಟ್ರಿಪ್ಪು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಅಮ್ಮ ನೋಡಿದಳು. ಒಲೆ ಸಣ್ಣ ಮಾಡಿದಳು.

“ಕೊಡ್ಲೇ ಇಲ್ಲ ಅಂದಿದ್ದೆ.”

“ಊರೆಲ್ಲ ಸುತ್ತಾಕೆ ಹೋಗ್ತಿದ್ದೋನು ನೀನು. ನಿಂಗೇ ಬಂದಿದ್ರೆ?” ಎಂದಳು. “ನಿಂಗೇ ಅಂತ ಇಟ್ಟಿದ್ದೆ ಕಣೋ.”

ನನಗೆ ಬೈಯಲು ಬಾಯಿ ಬಂತು, ಬೈದೆ ಕೂಡ. ಎಲ್ಲರ ದನಿಯಲ್ಲೂ ಮಾತಾಡುವ ನಾನು ಅವತ್ತು ನನ್ನದೇ ದನಿಯಲ್ಲಿ ಕೂಗಾಡಿದೆ. ಅದು ಚೆನ್ನಾಗಿಲ್ಲ, ಕೀರಲು. ಅವಳು ಅಳಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಹಸಿರು ಸೀರೆ ಉಟ್ಟುಕೊಂಡು ಮದುವೆಗೆ ಹೋದಳು. ಅವಳು ನನ್ನನ್ನು ಕಾಪಾಡಿದ್ದಾಳೆ, ಅವಳ ಲೆಕ್ಕದಲ್ಲಿ. ಬೀದಿಯಲ್ಲಿ ಒಬ್ಬೊಬ್ಬರೂ ಒಬ್ಬೊಬ್ಬರನ್ನು ಕಾಪಾಡಿದ್ದಾರೆ. ಹೀಗೆ ಎಲ್ಲರೂ ಎಲ್ಲರನ್ನೂ ಕಾಪಾಡಿ ಮುಗಿಸುವ ಹೊತ್ತಿಗೆ, ನಿಜವಾಗಿ ಕಾಯಿಲೆ ಇದ್ದ ಒಬ್ಬರು ಬಸ್‌ಸ್ಟ್ಯಾಂಡಿನ ಹಿಂದೆ ಮಾತ್ರೆ ಎಣಿಸುತ್ತ ಕೂತಿದ್ದರು.

ಮಾರನೆಯ ದಿನ ಸ್ಟ್ರಿಪ್ಪನ್ನು ಜೇಬಿಗೆ ಹಾಕಿಕೊಂಡು ನ್ಯಾಮತಿ ಬಸ್ಸು ಹತ್ತಿದೆ. ಮೇಡಂ ತಂಗಿಗೆ ನಿಜ ಹೇಳಬೇಕಿತ್ತು. ಹೇಳಿ ಅವರ ಕೈಯಲ್ಲಿ ಬೈಸಿಕೊಂಡರೆ ಹಗುರಾದೀತು ಎಂಬ ಸ್ವಾರ್ಥವೂ ಇತ್ತು.

ಬಾಗಿಲು ತೆಗೆದವರನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. ಅದೇ ಹಣೆ, ಅದೇ ಗಲ್ಲ, ಕೂದಲಲ್ಲಿ ನಾಲ್ಕು ಬಿಳಿ ಎಳೆ. ಕೆನ್ನೆಯ ಮೇಲೆ ಏನೂ ಇಲ್ಲ, ನುಣ್ಣಗಿದೆ. ಉರಿಬಿಸಿಲಲ್ಲಿ ಕೊಡೆಯಿಲ್ಲದೆ ಅಂಗಳದಲ್ಲಿ ಸಂಡಿಗೆ ತಿರುವಿ ಹಾಕುತ್ತಿದ್ದರು ಎಂದು ಕೈಗಂಟಿದ ಹಿಟ್ಟಿನ ಚೂರು ನೋಡಿದರೆ ಗೊತ್ತಾಗುತ್ತಿತ್ತು. ಒಂದೇ ಪುಸ್ತಕ... ಮೇಡಂ ಇದ್ದಿದ್ದರೆ ಅವರಿಗೂ ಈಗ ಇದೇ ವಯಸ್ಸು.

ನಾನು ಕೂರದೆ, ನಿಂತೇ, ಎಲ್ಲ ಹೇಳಿದೆ. ಸ್ಟ್ರಿಪ್ಪು ತೆಗೆದು ತೋರಿಸಿದೆ. ಅವರು ಅದನ್ನು ಮುಟ್ಟಲಿಲ್ಲ.

“ನಮ್ಮನೇಲೂ ಇತ್ತು ಕಣಪ್ಪ” ಎಂದರು.

ದನಿಯೂ ಮೇಡಂ ಅವರದೇ.

“ನಮ್ಮಕ್ಕಂದು ಹನ್ನೊಂದನೇ ದಿನದ ಕಾರ್ಯ ಮುಗಿಸ್ಕಂಡು ಬಂದು ದೇವರ ಗೂಡು ಒರಸ್ತಿದ್ದೆ. ಫೋಟೋ ಹಿಂದ್ಗಡೆ ಸಿಕ್ತು. ನಮ್ಮತ್ತೆ ಇಟ್ಟಿದ್ರು. ನಾನು ಆವಾಗ ಈ ಮನೇಲಿ ಎಲ್ಲರ ಕಾಲು ಹಿಡಿದಿದ್ದೆ, ಎಲ್ಲಾದ್ರೂ ಕೊಡ್ಸಿ ಅಂತ. ಅವ್ರೂ ನನ್ನ ಜೊತೆ ಕೂತು ಅಯ್ಯೋ ಪಾಪ ಅಂದಿದ್ರು.”

“ಏನ್ ಮಾಡಿದ್ರಿ ಅಕ್ಕಾ?”

“ಅಲ್ಲೇ ಇಟ್ಟೆ. ಫೋಟೋ ಹಿಂದೆ ಅಲ್ಲ, ಮುಂದೆ.”

ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ದೇವರ ಫೋಟೋದ ಕಾಲಬಳಿ, ದೀಪಕ್ಕೆ ಒರಗಿಸಿದಂತೆ ಸ್ಟ್ರಿಪ್ಪು ನಿಂತಿತ್ತು. ಮೇಲೆ ಒಂದು ಕಣ ಧೂಳೂ ಇರಲಿಲ್ಲ. ಅತ್ತೆ ದಿನಾ ಕೈಮುಗಿಯುವಾಗ ಅದನ್ನೂ ನೋಡಿಯೇ ಮುಗಿಯಬೇಕು. ತೆಗಿ ಎಂದು ಅತ್ತೆ ಹೇಳಿಲ್ಲ, ಯಾಕೆ ಇಟ್ಟೆ ಎಂದು ಕೇಳಿಯೂ ಇಲ್ಲ. ಇಷ್ಟು ವರ್ಷದಿಂದ ಈ ಮನೆಯಲ್ಲಿ ಅದರ ಬಗ್ಗೆ ಒಂದು ಮಾತಾಗಿಲ್ಲ.

ಕಾಫಿ ಕುಡಿಸಿ ಕಳಿಸಿದರು. ಬೈಯಲಿಲ್ಲ. ಬೈಗುಳಕ್ಕಾಗಿ ಹೋದವನಿಗೆ ಅದೊಂದು ಮೋಸವಾಯಿತು.

ಮನೆಗೆ ಬಂದು ನಾನೂ ಹಾಗೇ ಮಾಡಿದೆ. ನಮ್ಮ ದೇವರ ಗೂಡಿನಲ್ಲಿ, ದೀಪದ ಮುಂದೆ, ಅಮ್ಮನ ಕಣ್ಣಿಗೆ ನೇರ ಬೀಳುವಂತೆ ನಿಲ್ಲಿಸಿದೆ. ಬೀಳದಿರಲಿ ಎಂದು ಒಂದು ನೀಲಿ ಬಟ್ಟೆ ಕ್ಲಿಪ್ಪು ಸಿಕ್ಕಿಸಿದೆ. ಅಮ್ಮ ಸಂಜೆ ದೀಪ ಹಚ್ಚಲು ಹೋದಳು. ಸ್ವಲ್ಪ ಹೊತ್ತು ನಿಂತಳು. ಬತ್ತಿ ಸರಿಮಾಡಿ ಹೊರಗೆ ಬಂದಳು. ನಾಟಿತು ಎಂದುಕೊಂಡು ನಾನು ಮಲಗಿದೆ.

ಬೆಳಗ್ಗೆ ಎದ್ದು ನೋಡಿದರೆ, ಸ್ಟ್ರಿಪ್ಪಿನ ಮೇಲೆ ಹಸಿ ಕುಂಕುಮದ ಹೊಸ ಬೊಟ್ಟು. ಕ್ಲಿಪ್ಪಿಗೂ ಒಂದು.

ಮೇಡಂ ಇದ್ದಿದ್ದರೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಓಡಿಹೋಗಿ ಅಮ್ಮನ ದನಿಯಲ್ಲಿ ಇದೆಲ್ಲ ಮಾಡಿ ತೋರಿಸಲು ಬಸ್‌ಸ್ಟ್ಯಾಂಡಿನ ಹಿಂದೆ ಈಗ ಯಾರೂ ಇಲ್ಲ...